ನೆಟ್ಟಗಾಯ್ತಾ ಕಣ್ಣು?

ಆಪರೇಷನ್ ಸಕ್ಸಸ್ ಆಯ್ತಾ ಅಂತ ನಮ್ಮ ಕುಟುಂಬದಲ್ಲಿ ಕಣ್ಣು ಕುಯ್ಸಿಕೊಂಡ ಮೂರು ಜನರನ್ನ ಕೇಳಿದ್ರೆ ಮೂರು ಥರ ಉತ್ತರ ಬರುತ್ತೆ, ಅವರನ್ನ ಆಸ್ಪತ್ರೆಗೆ ಕರ್ಕೊಂಡು ಹೋದವರನ್ನ ಕೇಳಿದ್ರೆ ಬೇರೆ ಇನ್ನೊಂದು ಮೂರು. ನಾನು, ನನ್ನ ಅಕ್ಕನ ಮಗ, ನಮ್ಮ ಸೋದರಮಾವ. ಮೂರೂ ಜನದ್ದು ಹೊರಗಡೆ ತಿರುಗೋ ಕಣ್ಣು. ಒಬ್ಬರಿಗೂ ಮಗುವಾಗಿದ್ದಾಗ ಆಪರೇಷನ್ ಆಗ್ಲಿಲ್ಲ. ಅವನಿಗೆ ಹದಿನೈದರಲ್ಲಿ, ನನಗೆ ಮೂವತ್ತು ದಾಟಿದ ಮೇಲೆ, ಮಾವನಿಗೆ ಐವತ್ತರ ಆಚೆ. ಪೇಪರಲ್ಲಿ, ಯೂಟ್ಯೂಬಲ್ಲಿ ಸ್ಕ್ವಿಂಟ್ (ಮೆಳ್ಳೆಗಣ್ಣು) ಅಂದ್ರೆ ಬರೀ ಮಕ್ಕಳ ವಿಷಯಾನೇ, ಬೇಗ ತೋರಿಸಿ ಬೇಗ ತೋರಿಸಿ ಅಂತ, ಅದು ಸರೀನೇ ಬಿಡಿ, ಆದ್ರೆ ಯಾರೂ ತೋರಿಸದೇ ಹಾಗೇ ಬೆಳೆದುಬಿಟ್ಟವರು ಏನ್ ಮಾಡ್ಬೇಕು, ಮಾಡಿಸ್ಕೊಂಡ್ರೆ ಆಮೇಲೆ ಏನಾಗುತ್ತೆ ಅಂತ ಕನ್ನಡದಲ್ಲಿ ನೆಟ್ಟಗೆ ಹೇಳಿರೋದು ನನಗೆ ಸಿಗ್ಲಿಲ್ಲ. ನಾನು ಡಾಕ್ಟರಲ್ಲ. ಕುಶಾಲನಗರದ ಹತ್ರ ಪಿಯು ಕಾಲೇಜಲ್ಲಿ ಹಿಸ್ಟರಿ ಪಾಠ ಮಾಡೋಳು. ಓದಿದ್ದು, ಕೇಳಿದ್ದು, ಮೈಮೇಲೆ ಬಂದಿದ್ದು ಎಲ್ಲ ಸೇರಿಸಿ ಬರೀತಿದೀನಿ.

ಚಿಕ್ಕೋಳಿದ್ದಾಗ ನನ್ನ ಕಣ್ಣು ಯಾವಾಗಲೂ ತಿರುಗ್ತಿರ್ಲಿಲ್ಲ. ಜ್ವರ ಬಂದಾಗ, ನಿದ್ದೆ ಎಳೆಯೋವಾಗ, ಸುಮ್ನೆ ಕೂತು ಎಲ್ಲೋ ನೋಡ್ತಾ ಇದ್ದಾಗ ಎಡಗಣ್ಣು ಮೆಲ್ಲಗೆ ಆಚೆ ಹೋಗೋದು, ಅಮ್ಮ "ಏಯ್, ಕಣ್ಣು ಸರಿ ಮಾಡ್ಕೋ" ಅಂದ ತಕ್ಷಣ ವಾಪಸ್ ಬರೋದು. ಇದಕ್ಕೆ ಡಾಕ್ಟರುಗಳು ಇಂಟರ್ಮಿಟೆಂಟ್ ಎಕ್ಸೋಟ್ರೋಪಿಯಾ ಅಂತಾರೆ, ಅಂದ್ರೆ ಆಗಾಗ ಆಚೆ ಹೋಗೋದು, ಹೊರಗಡೆ ತಿರುಗೋ ಕಣ್ಣಲ್ಲಿ ಇದೇ ಜಾಸ್ತಿ. ಬಿಸಿಲಿಗೆ ಒಂದು ಕಣ್ಣು ಮುಚ್ಚಿಕೊಳ್ಳೋದು ಇದರ ಒಂದು ಗುರುತು. ಜನವರೀಲಿ ಸೋಮವಾರಪೇಟೆ ಕಡೆ ನಮ್ಮ ಮನೆ ಮುಂದಿನ ಸಿಮೆಂಟ್ ಕಣದಲ್ಲಿ ಕಾಫಿ ಹರಡಿರ್ತಾರೆ, ಖಾಲಿ ಇರೋ ಕಡೆ ಕಣ ಬಿಸಿಲಿಗೆ ಬೆಳ್ಳಗೆ ಹೊಳೀತಿರುತ್ತೆ, ಅಲ್ಲಿ ಕಾಫಿ ಕೆದಕೋಕೆ ನಿಂತ್ರೆ ನನ್ನ ಎಡಗಣ್ಣು ತಾನಾಗೇ ಮುಚ್ಕೊಳ್ಳೋದು. ಹುಡುಗಿ ಕಣ್ಣು ಹೊಡೀತಾಳೆ ಅಂತ ಕೆಲಸದವರು ನಗೋರು. ಅಜ್ಜಿ ಮಾತ್ರ "ಮೆಳ್ಳೆಗಣ್ಣು ಅದೃಷ್ಟ ಕಣೇ, ಬಿಡಿ ಅದರ ಪಾಡಿಗೆ" ಅನ್ನೋರು. ಅದೃಷ್ಟ ಏನೂ ಬರ್ಲಿಲ್ಲ, ಕಣ್ಣು ಆಚೆ ಹೋಗೋ ಹೊತ್ತು ಮಾತ್ರ ವರ್ಷ ವರ್ಷ ಜಾಸ್ತಿ ಆಯ್ತು. ದೊಡ್ಡೋರಲ್ಲಿ ಸುಸ್ತಾದಾಗ ಮತ್ತು ಒಂದೆರಡು ಪೆಗ್ ಒಳಗೆ ಹೋದಾಗ್ಲೂ ಹಿಡಿತ ತಪ್ಪುತ್ತೆ, ನಮ್ಮ ಜಿಲ್ಲೆಯ ಮದುವೆಗಳಲ್ಲಿ ಇದನ್ನ ಆರಾಮಾಗಿ ಗಮನಿಸಬಹುದು, ಯಾರ್ ಯಾರಿಗೆ ಒಳಗೊಳಗೇ ಸ್ಕ್ವಿಂಟ್ ಇದೆ ಅಂತ ಸಾಯಂಕಾಲದ ಹೊತ್ತಿಗೆ ಗೊತ್ತಾಗ್ಬಿಡುತ್ತೆ.

ಇಪ್ಪತ್ತೇಳು ಇಪ್ಪತ್ತೆಂಟರ ಹೊತ್ತಿಗೆ ನಂದು ಆಗಾಗ ಹೋಗಿ ಯಾವಾಗಲೂ ಆಗಿತ್ತು. ಕ್ಲಾಸಲ್ಲಿ ಇದರ ಕಷ್ಟ ಬೇರೇನೇ. ಪ್ರಶ್ನೆ ಕೇಳಿ ಒಬ್ಬ ಹುಡುಗನ ಕಡೆ ನೋಡಿದ್ರೆ ಇಬ್ಬರು ಎದ್ದು ನಿಲ್ಲೋರು. ಒಬ್ಬ ನಾನು ನೋಡ್ತಿದ್ದ ಬೆಂಚಿನವನು, ಇನ್ನೊಬ್ಬ ನನ್ನ ಎಡಗಣ್ಣು ನೋಡ್ತಿದ್ದ ಕಿಟಕಿ ಪಕ್ಕದವನು. ಪಾಪ ಅವರು ಬೇಕಂತ ಮಾಡ್ತಿರ್ಲಿಲ್ಲ. ನಾನು ರೋಲ್ ನಂಬರ್ ಹೇಳಿ ಕೇಳೋ ಅಭ್ಯಾಸ ಮಾಡ್ಕೊಂಡೆ, ಎಲ್ಲರೂ ಮೇಡಂ ತುಂಬ ಸ್ಟ್ರಿಕ್ಟು ಅಂದ್ಕೊಂಡ್ರು. ಫೋಟೋ ತೆಗೆಯೋವಾಗ ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ನಿಲ್ಲೋದು, ಬ್ಯಾಂಕಲ್ಲಿ ಕೌಂಟರಿನವರ ಮುಖ ನೋಡದೇ ಚಲನ್ ನೋಡ್ಕೊಂಡು ಮಾತಾಡೋದು, ಲುಕಿಂಗ್ ಲಂಡನ್ ಟಾಕಿಂಗ್ ಟೋಕಿಯೋ ಅನ್ನೋ ಜೋಕಿಗೆ ಎಲ್ಲರಿಗಿಂತ ಮುಂಚೆ ನಾನೇ ನಕ್ಕುಬಿಡೋದು. ಇವೆಲ್ಲ ಅಭ್ಯಾಸ ಆದ್ಮೇಲೆ ಅದು ನಮ್ಮ ಸ್ವಭಾವಾನೇ ಅನ್ಸುತ್ತೆ.

ಡಿಗ್ರೀಲಿದ್ದಾಗ ಅಪ್ಪ ಒಬ್ಬರು ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ರು. ಅವರು ಟಾರ್ಚ್ ಬಿಟ್ಟು ನೋಡಿ, "ವಯಸ್ಸು ದಾಟಿಹೋಗಿದೆ, ಈಗ ಮಾಡಿದ್ರೂ ಬರೀ ನೋಡೋಕೆ ಚೆಂದ ಅಷ್ಟೇ, ದೃಷ್ಟಿಗೇನೂ ಪ್ರಯೋಜನ ಇಲ್ಲ" ಅಂದ್ರು. ಅಪ್ಪಂಗೆ ಚೆಂದ ಅನ್ನೋ ಮಾತು ಕಿವಿಗೆ ಬಿದ್ದಿದ್ದೇ ತಡ, ಎದ್ದು ಬಂದ್ರು. ಆಗಿನ ಕಾಲಕ್ಕೆ ಬಹಳ ಜನ ಡಾಕ್ಟರುಗಳು ಹಾಗೇ ನಂಬಿದ್ರು, ಒಬ್ಬರನ್ನೇ ಬೈದು ಉಪಯೋಗ ಇಲ್ಲ. ಏಳೆಂಟು ವರ್ಷದೊಳಗೆ ಎರಡು ಕಣ್ಣು ಒಟ್ಟಿಗೆ ಕೆಲಸ ಮಾಡೋದು ಕಲೀದೇ ಇದ್ರೆ ಆಮೇಲೆ ಮಿದುಳಿಗೆ ಬಾಗಿಲು ಮುಚ್ಚಿತು ಅನ್ನೋದು ಹಳೇ ಪಾಠ. ಆದ್ರೆ ದೊಡ್ಡವರಾದ ಮೇಲೆ ಮಾಡಿಸ್ಕೊಂಡವರಲ್ಲೂ ಸುಮಾರು ಜನಕ್ಕೆ ಎರಡು ಕಣ್ಣಿನ ಚಿತ್ರ ಕೂಡಿಸೋ ಶಕ್ತಿ ಒಂದಷ್ಟಾದ್ರೂ ವಾಪಸ್ ಬರುತ್ತೆ ಅಂತ ಆಮೇಲಿನ ಅಧ್ಯಯನಗಳು ತೋರ್ಸಿವೆ. ಅದರಲ್ಲೂ ನನ್ನ ಥರ ಚಿಕ್ಕಂದಿನಲ್ಲಿ ಕಣ್ಣು ಆಗಾಗ ಮಾತ್ರ ತಿರುಗ್ತಿದ್ದವರಿಗೆ ಅವಕಾಶ ಜಾಸ್ತಿ, ಯಾಕಂದ್ರೆ ಆ ಮಿದುಳು ಒಂದು ಕಾಲದಲ್ಲಿ ಆ ಕೆಲಸ ಕಲಿತಿತ್ತು. ಇದನ್ನ ನನಗೆ ಹೇಳಿದ್ದು ಎಷ್ಟೋ ವರ್ಷ ಆದ್ಮೇಲೆ ಮೈಸೂರಲ್ಲಿ ಸ್ಕ್ವಿಂಟನ್ನೇ ನೋಡೋ ಒಬ್ಬರು ಡಾಕ್ಟರು.

ಹಿಸ್ಟರಿಯವಳಾಗಿ ಒಂದು ಮಾತು ಹೇಳ್ಲೇಬೇಕು. ಈ ಆಪರೇಷನ್ನಿನ ಕಥೆ ಶುರುವಾಗೋದು 1839ರ ಅಕ್ಟೋಬರಲ್ಲಿ, ಬರ್ಲಿನ್‌ನಲ್ಲಿ, ಡೀಫೆನ್‌ಬಾಖ್ ಅನ್ನೋ ಸರ್ಜನ್ ಏಳು ವರ್ಷದ ಹುಡುಗನ ಒಳಗಡೆ ತಿರುಗಿದ ಕಣ್ಣಿನ ಮಾಂಸಖಂಡ ಕುಯ್ದು ಬಿಟ್ರು. ಅರಿವಳಿಕೆ ಅನ್ನೋದು ಇನ್ನೂ ಬಂದೇ ಇರ್ಲಿಲ್ಲ ಆಗ, ಆ ಹುಡುಗನ್ನ ನೆನೆಸ್ಕೊಂಡ್ರೆ ಹೊಟ್ಟೆ ಹಿಂಡುತ್ತೆ. ಯುರೋಪಲ್ಲೆಲ್ಲ ಅದು ಒಂದು ಫ್ಯಾಷನ್ನೇ ಆಗೋಯ್ತು, ಸಾವಿರಾರು ಜನ ಮಾಡಿಸ್ಕೊಂಡ್ರು, ಮತ್ತೆ ಎಷ್ಟೋ ಜನಕ್ಕೆ ಒಳಗಿದ್ದ ಕಣ್ಣು ಕಾಲಕ್ರಮೇಣ ಹೊರಗೆ ಹೋಯ್ತು. ಕುಯ್ದು ಬಿಟ್ರೆ ಸಾಲದು, ಎಷ್ಟು ಮಿಲಿಮೀಟರ್ ಅಂತ ಲೆಕ್ಕ ಹಾಕಿ ಹೊಲೀಬೇಕು ಅನ್ನೋದು ಅಲ್ಲಿಂದ ಕಲಿತಿದ್ದು. ಈಗ್ಲೂ ಚಿಕ್ಕಂದಿನಲ್ಲಿ ಒಳಗಣ್ಣಿಗೆ ಮಾಡಿಸ್ಕೊಂಡು ದೊಡ್ಡವರಾದ ಮೇಲೆ ಹೊರಗಣ್ಣಾಗಿ ಬರೋರು ಇದ್ದೇ ಇದ್ದಾರೆ, ಮೈಸೂರಲ್ಲಿ ವೇಟಿಂಗ್ ಹಾಲಲ್ಲಿ ನನ್ನ ಪಕ್ಕ ಕೂತಿದ್ದ ಪಿರಿಯಾಪಟ್ಟಣದ ಹೆಂಗಸಿಗೆ ಅದೇ ಆಗಿತ್ತು.

ಆಪರೇಷನ್ ಏನು ಅಂತ ಸಿಂಪಲ್ಲಾಗಿ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆ ಈಗ್ಲೂ ಕಣ್ಣುಗುಡ್ಡೆ ಆಚೆ ತೆಗೆದು ಮತ್ತೆ ಒಳಗೆ ಇಡ್ತಾರೆ ಅಂತ ನಂಬಿರೋರು ಇದ್ದಾರೆ. ಹಾಗೇನೂ ಇಲ್ಲ. ಒಂದೊಂದು ಕಣ್ಣಿಗೆ ಆರು ಮಾಂಸಖಂಡ, ಅದರಲ್ಲಿ ಕಿವಿ ಕಡೆಯದು ಹೊರಗೆ ಎಳೆಯುತ್ತೆ, ಮೂಗಿನ ಕಡೆಯದು ಒಳಗೆ ಎಳೆಯುತ್ತೆ, ಎತ್ತಿಗೆ ಎರಡು ಕಡೆ ಹಗ್ಗ ಹಿಡಿದ ಹಾಗೆ. ಬಿಳಿಗುಡ್ಡೆ ಮೇಲಿನ ತೆಳು ಪೊರೆಯನ್ನ ಸ್ವಲ್ಪ ಕುಯ್ದು, ಕಿವಿ ಕಡೆಯ ಖಂಡವನ್ನ ಅದು ಅಂಟಿಕೊಂಡಿರೋ ಜಾಗದಿಂದ (ಕಪ್ಪುಗುಡ್ಡೆ ಅಂಚಿಂದ ಸುಮಾರು 7 ಮಿ.ಮೀ. ಹಿಂದೆ ಇರುತ್ತೆ) ಬಿಡಿಸಿ ಇನ್ನೂ ಹಿಂದಕ್ಕೆ ಹೊಲೀತಾರೆ, ಅದರ ಎಳೆತ ಸಡಿಲ ಆಗುತ್ತೆ. ಬೇಕಾದ್ರೆ ಮೂಗಿನ ಕಡೆಯದನ್ನ ಸ್ವಲ್ಪ ಕತ್ತರಿಸಿ ಗಿಡ್ಡ ಮಾಡ್ತಾರೆ, ಅದು ಬಿಗಿ ಆಗುತ್ತೆ. ಒಂದೇ ಕಣ್ಣಿಗೆ ಎರಡೂ ಮಾಡಬಹುದು, ಇಲ್ಲಾ ಎರಡೂ ಕಣ್ಣಿನ ಹೊರಗಿನ ಖಂಡ ಸಡಿಲಿಸಬಹುದು. ಹೊಲಿಗೆ ದಾರ ತಾನಾಗೇ ಕರಗುತ್ತೆ. ಚಶ್ಮಾ ನಂಬರ್ ಹೋಗೋಕೂ ಇದಕ್ಕೂ ಸಂಬಂಧ ಇಲ್ಲ, ಕನ್ನಡಕ ಇದ್ದವರಿಗೆ ಕನ್ನಡಕ ಇದ್ದೇ ಇರುತ್ತೆ.

ಇನ್ನು ಸಕ್ಸಸ್ ಲೆಕ್ಕ. ಕಣ್ಣು ಎಷ್ಟು ತಿರುಗಿದೆ ಅಂತ ಅಳೆಯೋದು ಪ್ರಿಸಂ ಡಯಾಪ್ಟರಲ್ಲಿ. ಒಂದು ಕಣ್ಣು ಮುಚ್ಚಿ ತೆಗೆದು, ಇನ್ನೊಂದು ಮುಚ್ಚಿ ತೆಗೆದು, ಕಣ್ಣು ಅಲ್ಲಾಡೋದು ನಿಲ್ಲೋ ತನಕ ಪ್ರಿಸಂ ಗಾಜುಗಳ ಪಟ್ಟಿಯನ್ನ ಮೇಲೆ ಕೆಳಗೆ ಸರಿಸ್ತಾ ಹೋಗ್ತಾರೆ. ಒಂದು ಮೀಟರ್ ದೂರದಲ್ಲಿ ಬೆಳಕಿನ ಗೆರೆಯನ್ನ ಒಂದು ಸೆಂಟಿಮೀಟರ್ ಸರಿಸೋ ಪ್ರಿಸಂ ಅಂದ್ರೆ 1 ಡಯಾಪ್ಟರ್. ನಂದು 40ರ ಮೇಲಿತ್ತು. ಆಪರೇಷನ್ ಆದ್ಮೇಲೆ ನೆಟ್ಟಗಿನಿಂದ ಆಚೆ ಈಚೆ 10ರ ಒಳಗೆ ಬಂದ್ರೆ ಸಾಮಾನ್ಯವಾಗಿ ಯಶಸ್ವಿ ಅಂತ ಬರ್ಕೊಳ್ತಾರೆ, ಯಾಕಂದ್ರೆ ಅಷ್ಟು ಚಿಕ್ಕ ವ್ಯತ್ಯಾಸ ಎದುರಿಗೆ ನಿಂತು ಮಾತಾಡೋರಿಗೆ ಗೊತ್ತಾಗಲ್ಲ. ಈ ಅಳತೆ ಹಿಡ್ಕೊಂಡು ದೊಡ್ಡವರ ಹೊರಗಣ್ಣಿನ ಅಧ್ಯಯನಗಳನ್ನ ನೋಡಿದ್ರೆ ಒಂದು ಆಪರೇಷನ್ನಿಗೆ ಹೆಚ್ಚುಕಡಿಮೆ ಶೇ. 60ರಿಂದ 80ರ ತನಕ ಯಶಸ್ಸು ಅಂತ ಸಿಗುತ್ತೆ, ಮತ್ತೆ ಎಷ್ಟು ವರ್ಷ ಬಿಟ್ಟು ನೋಡ್ತಾರೋ ಅಷ್ಟು ಕಮ್ಮಿ ಆಗ್ತಾ ಹೋಗುತ್ತೆ. ಮೊದಲನೇ ತಿಂಗಳ ಲೆಕ್ಕ ಬೇರೆ, ಐದನೇ ವರ್ಷದ ಲೆಕ್ಕ ಬೇರೆ. ಯಾರಾದ್ರೂ ತೊಂಬತ್ತೈದು ಪರ್ಸೆಂಟ್ ಅಂದ್ರೆ ಯಾವಾಗಿನ ಲೆಕ್ಕ ಸ್ವಾಮಿ ಅಂತ ಕೇಳಿ.

ನನಗೆ ಮಾಡಿದ್ದು ಅಡ್ಜಸ್ಟಬಲ್ ಹೊಲಿಗೆ. ದೊಡ್ಡವರಿಗೆ ಸಿಗೋ ಒಂದು ಲಾಭ ಇದು, ಚಿಕ್ಕ ಮಕ್ಕಳು ಎದ್ದು ಕೂತು ಸಹಕರಿಸಲ್ಲ ಅಲ್ವಾ. ಖಂಡವನ್ನ ಪೂರ್ತಿ ಗಂಟು ಹಾಕದೇ ಜಾರುಗಂಟಲ್ಲಿ ಬಿಟ್ಟಿರ್ತಾರೆ, ನಮಗೆ ಎಚ್ಚರ ಆದ್ಮೇಲೆ ಕಣ್ಣು ಎಲ್ಲಿ ನಿಂತಿದೆ ನೋಡಿ ಆಮೇಲೆ ಬಿಗಿ ಮಾಡೋದು. ಮಾರನೇ ದಿನ ಬೆಳಿಗ್ಗೆ ಪಟ್ಟಿ ಬಿಚ್ಚಿ, ಜೋಮು ಹಿಡಿಸೋ ಡ್ರಾಪ್ಸ್ ಹಾಕಿ ಕುರ್ಚೀಲಿ ಕೂರಿಸಿದ್ರು. ದೂರದ ಗೋಡೆ ಮೇಲೆ ಒಂದು ಅಕ್ಷರ, ಅದನ್ನೇ ನೋಡ್ತಿರಿ ಅಂದ್ರು. ಎರಡು ಅಕ್ಷರ ಕಾಣ್ತಿತ್ತು. ಡಾಕ್ಟರು ಚಿಮಟದಲ್ಲಿ ದಾರ ಹಿಡಿದು ಎಳೆದ್ರು ನೋಡಿ, ನೋವು ಅಂತ ಅಲ್ಲ, ಕಣ್ಣಿನ ಹಿಂದೆ ಎಲ್ಲೋ ಆಳದಲ್ಲಿ ಯಾರೋ ಕೈ ಹಾಕಿ ಒತ್ತಿದ ಹಾಗೆ, ಹೊಟ್ಟೆ ತೊಳಸಿ ಬೆವರು ಕಿತ್ಕೊಂಡು ಬಂತು. ಕಣ್ಣಿನ ಖಂಡ ಎಳೆದ್ರೆ ನಾಡಿ ನಿಧಾನ ಆಗುತ್ತೆ, ಅದೊಂದು ಗೊತ್ತಿರೋ ವಿಷಯ, ನರ್ಸ್ ಸಿಸ್ಟರ್ ಅದಕ್ಕೇ ನನ್ನ ಬೆರಳಿಗೆ ಕ್ಲಿಪ್ ಹಾಕಿ ಪಕ್ಕದಲ್ಲೇ ನಿಂತಿದ್ರು. "ತಲೆ ಕೆಳಗೆ ಹಾಕ್ಕೊಳ್ಳಿ ಮೇಡಂ, ಉಸಿರು ಬಿಡಿ, ಅವಸರ ಇಲ್ಲ." ಮತ್ತೆ ಅಕ್ಷರ, ಮತ್ತೆ ಪ್ರಿಸಂ, ಮತ್ತೆ ಒಂದು ಎಳೆತ. ಎರಡು ಅಕ್ಷರಗಳು ಹತ್ರ ಹತ್ರ ಬಂದ್ವು, ಆದ್ರೆ ಒಂದಾಗೋ ಮುಂಚೆನೇ ಡಾಕ್ಟರು ಸಾಕು ಅಂತ ಗಂಟು ಹಾಕಿಬಿಟ್ರು. ಇನ್ನೂ ಎರಡಿದೆ ಸರ್ ಅಂದೆ. "ಇರ್ಲಿ, ಬೇಕಂತಾನೇ ಸ್ವಲ್ಪ ಒಳಗೆ ಬಿಟ್ಟಿದೀನಿ, ಅದು ಆಚೆ ಬರುತ್ತೆ."

ಇದನ್ನ ಹೊರಗಣ್ಣಿಗೆ ಮಾಡಿಸೋರು ಚೆನ್ನಾಗಿ ತಿಳ್ಕೊಂಡಿರ್ಬೇಕು. ಹೊರಗೆ ಹೋಗೋ ಕಣ್ಣಿಗೆ ಆಪರೇಷನ್ ಆದ್ಮೇಲೂ ಹೊರಗೇ ಜಾರೋ ಚಾಳಿ ಇರುತ್ತೆ. ಅದಕ್ಕೆ ಬಹಳ ಸರ್ಜನ್‌ಗಳು ಮೊದಲಿಗೆ ಸ್ವಲ್ಪ ಜಾಸ್ತಿ ಎಳೆದು ಒಳಗಡೆ ನಿಲ್ಲಿಸ್ತಾರೆ. ಆ ದಿನಗಳಲ್ಲಿ ಎರಡೆರಡು ಕಾಣುತ್ತೆ. ಮುಂಚೆ ಎಡಗಣ್ಣಿನ ಚಿತ್ರವನ್ನ ಮಿದುಳು ಕಡೆಗಣಿಸಿ ಅಭ್ಯಾಸ ಮಾಡ್ಕೊಂಡಿರುತ್ತೆ, ಈಗ ಕಣ್ಣು ಹೊಸ ಜಾಗಕ್ಕೆ ಬಂದಾಗ ಆ ಚಿತ್ರ ಎಲ್ಲಿ ಅಂತ ಅದಕ್ಕೆ ಗೊಂದಲ. ನನಗೆ ಕೆಲವು ವಾರ ತೋಟದಲ್ಲಿ ನೆರಳಿಗೆ ಹಾಕಿರೋ ಸಿಲ್ವರ್ ಓಕ್ ಮರ ಎಲ್ಲ ಜೋಡಿ ಜೋಡಿ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿನೂ ಜೋಡಿ, ಬೆಳೆ ಡಬಲ್ ಆಯ್ತಲ್ಲ ಮಗಳೇ ಅಂತ ಅಪ್ಪ ತಮಾಷೆ ಮಾಡೋರು. ಆಮೇಲೆ ತಾನಾಗೇ ಕೂಡ್ಕೊಂತು. ಶಾಶ್ವತವಾಗಿ ಎರಡು ಕಾಣೋದು ತೀರಾ ಅಪರೂಪ, ಆದ್ರೂ ಆಪರೇಷನ್ನಿಗೆ ಮುಂಚೆನೇ ಪ್ರಿಸಂ ಇಟ್ಟು, ಕಣ್ಣು ನೆಟ್ಟಗಾದ್ರೆ ಇವರಿಗೆ ಎರಡು ಕಾಣುತ್ತಾ ಇಲ್ವಾ ಅಂತ ಪರೀಕ್ಷೆ ಮಾಡಿ ಅಂದಾಜು ಹೇಳ್ತಾರೆ. ಆ ಪರೀಕ್ಷೆ ಮಾಡದೇ ಡೇಟ್ ಕೊಡೋರ ಹತ್ರ ನಾನಾಗಿದ್ರೆ ಹೋಗಲ್ಲ.

ಕಣ್ಣಿನ ಮೂಲೆ ಕೆಂಪು ಹೋಗೋಕೆ ವಾರಗಟ್ಟಲೆ ಆಯ್ತು. ಕಾಲೇಜಿಗೆ ಹೋದ್ರೆ ಮದ್ರಾಸ್ ಐ ಅಂತ ಹುಡುಗರು ಎರಡು ಬೆಂಚು ಹಿಂದೆ ಸರಿದು ಕೂತ್ರು. ಅಜ್ಜಿ ಖಾರ ಬೇಡ, ಬದನೆಕಾಯಿ ಬೇಡ ಅಂತ ಪಥ್ಯ ಹಾಕಿದ್ರು, ಡಾಕ್ಟರು ಹೇಳಿದ್ದು ಕಣ್ಣಿಗೆ ಕೊಳೆ ನೀರು ಬೀಳ್ಬಾರ್ದು, ಉಜ್ಜಬಾರ್ದು, ಡ್ರಾಪ್ಸ್ ತಪ್ಪಿಸಬಾರ್ದು ಅಷ್ಟೇ.

ಆದ್ರೆ ಯಾರೂ ಮೊದಲೇ ಹೇಳದ ಒಂದು ವಿಷಯ ಇತ್ತು. ಎಡಗಡೆ ಜಗತ್ತು ಸಣ್ಣದಾಯ್ತು. ಕುಶಾಲನಗರದ ಮೇನ್ ರೋಡಲ್ಲಿ ನಡ್ಕೊಂಡು ಹೋಗ್ತಿದ್ರೆ ಎಡಗಡೆಯಿಂದ ಸ್ಕೂಟರ್‌ಗಳು ದಿಢೀರ್ ಅಂತ ಬರ್ತಿದ್ವು, ಮುಂಚೆ ಎಲ್ಲ ದೂರದಿಂದಲೇ ಗೊತ್ತಾಗೋದು. ಡಾಕ್ಟರನ್ನ ಕೇಳಿದ್ರೆ ನಕ್ಕು, ಹೊರಗೆ ತಿರುಗಿದ ಕಣ್ಣು ಪಕ್ಕದ ನೋಟವನ್ನ ಎಲ್ಲರಿಗಿಂತ ಅಗಲ ಮಾಡಿರುತ್ತೆ, ಈಗ ನಿಮಗಿರೋದು ಊರಿಗೆಲ್ಲ ಇರೋವಷ್ಟೇ ಅಂದ್ರು. ಅಂದ್ರೆ ನಾನು ಅಷ್ಟು ವರ್ಷ ಕ್ಲಾಸಲ್ಲಿ ಕಿಟಕಿ ಪಕ್ಕದವನು ಮೊಬೈಲ್ ತೆಗೆಯೋದನ್ನ ತಲೆ ತಿರುಗಿಸದೇ ಹಿಡೀತಿದ್ದಿದ್ದು ಪುಕ್ಕಟೆ ಸಿಕ್ಕ ಶಕ್ತಿ. ಅದು ಹೋಯ್ತು. ನಿಜವಾಗ್ಲೂ ಬೇಜಾರಾಯ್ತು, ಈಗ್ಲೂ ಆಗಾಗ ಆಗುತ್ತೆ.

ಅದಕ್ಕೆ ಬದಲು ಸಿಕ್ಕಿದ್ದು ನೊಣ. ಎರಡು ಕಣ್ಣು ಕೂಡಿ ಆಳ ನೋಡುತ್ತಾ ಅಂತ ತಿಳಿಯೋಕೆ ಒಂದು ಹಳೇ ಟೆಸ್ಟ್ ಇದೆ, ಕಪ್ಪು ಕನ್ನಡಕದ ಥರದ್ದೊಂದು ಹಾಕಿ ದೊಡ್ಡ ನೊಣದ ಫೋಟೋ ಕೈಗೆ ಕೊಟ್ಟು ಅದರ ರೆಕ್ಕೆ ಹಿಡೀರಿ ಅಂತಾರೆ. ಆಪರೇಷನ್ನಿಗೆ ಮುಂಚೆ ನಾನು ಬೆರಳನ್ನ ಸೀದಾ ಪೇಪರ್ ಮೇಲೆ ಇಟ್ಟಿದ್ದೆ, ಫೋಟೋಲಿರೋ ರೆಕ್ಕೆ ಇನ್ನೆಲ್ಲಿರುತ್ತೆ, ಪೇಪರ್ ಮೇಲೆ ತಾನೆ. ಕೆಲವು ತಿಂಗಳಾದ್ಮೇಲೆ ಅದೇ ಪುಸ್ತಕ ತೆಗೆದು ಕೊಟ್ರು. ಹಿಡಿಯೋಕೆ ಹೋದೋಳು ಕೈ ಹಿಂದಕ್ಕೆ ಎಳ್ಕೊಂಡೆ. ರೆಕ್ಕೆ ಪೇಪರಿಂದ ಮೇಲೆ ನಿಂತಿತ್ತು. ನನ್ನ ಹೆಬ್ಬೆರಳು ತೋರುಬೆರಳು ಗಾಳೀಲಿ, ಪೇಪರಿಂದ ಒಂದು ಇಂಚಿನಷ್ಟು ಮೇಲೆ, ಏನೂ ಇಲ್ಲದ ಕಡೆ ಚಿವುಟ್ತಾ ಇದ್ವು. ಪಕ್ಕದಲ್ಲಿ ನಿಂತಿದ್ದ ಹುಡುಗಿ, ಟೆಸ್ಟ್ ಮಾಡೋ ಆಪ್ಟೋಮೆಟ್ರಿಸ್ಟ್, "ಬಂತಾ ಮೇಡಂ?" ಅಂದ್ಲು. ಅಸಹ್ಯ ನೊಣ ನಿಜ ಹೇಳ್ಬೇಕಂದ್ರೆ, ಮೈಯೆಲ್ಲ ಕೂದ್ಲು. ಇದು ಬರೀ ಒರಟು ಮಟ್ಟದ ಆಳದ ನೋಟ, ಅದಕ್ಕಿಂತ ಸೂಕ್ಷ್ಮದ ಚುಕ್ಕಿಗಳಲ್ಲಿ ನಾನು ಎರಡೋ ಮೂರೋ ಹೇಳಿ ನಿಂತುಬಿಟ್ಟೆ. ಸೂಜಿಗೆ ದಾರ ಪೋಣಿಸೋದು ಸುಲಭ ಆಗಿದೆ, ಮಂಜಲ್ಲಿ ಗಾಡಿ ಓಡಿಸೋದು ಮೊದಲಿನಷ್ಟೇ ಭಯ.

ಈಗ ಅಕ್ಕನ ಮಗನ ಕಥೆ. ಅವನು ಸ್ಕೂಲ್ ಟೀಮಲ್ಲಿ ಹಾಕಿ ಆಡ್ತಾನೆ, ಕೊಡಗಲ್ಲಿ ಹಾಕಿ ಆಡೋ ಹುಡುಗನಿಗೆ ಕಣ್ಣು ಅಂದ್ರೆ ಏನು ಅಂತ ನಾನು ಹೇಳ್ಬೇಕಾಗಿಲ್ಲ, 1997ರಿಂದ ಕೊಡವ ಕುಟುಂಬಗಳ ಟೂರ್ನಮೆಂಟ್ ನೋಡ್ಕೊಂಡೇ ಇಲ್ಲಿ ಎಲ್ಲ ಜಾತಿ ಮಕ್ಕಳೂ ಸ್ಟಿಕ್ ಹಿಡಿಯೋದು ಕಲ್ತಿದಾರೆ. ಮಧ್ಯಾಹ್ನದ ಬಿಸಿಲ ಮ್ಯಾಚಲ್ಲಿ ಒಂದು ಕಣ್ಣು ಮುಚ್ಚಿ ಆಡ್ತಿದ್ದ, ದೂರದಿಂದ ಬರೋ ಬಾಲ್ ತಪ್ಪಿಸಿಕೊಳ್ತಿದ್ದ. ಕೋಚ್ ಗಮನ ಇಲ್ಲ ಅಂತ ಬೈಯೋರು. ಅವನ ಫ್ರೆಂಡ್ ಒಬ್ಬ ಕೊಡವ ಹುಡುಗ ಕೈಲ್‌ಪೊಳ್ದ್ ಅನ್ನೋ ಆಯುಧ ಪೂಜೆ ಹಬ್ಬದ ದಿನ ತೆಂಗಿನಕಾಯಿಗೆ ಗುರಿ ಹೊಡೆಯೋಕೆ ಕರ್ಕೊಂಡು ಹೋಗಿ "ನೀನು ಇದಕ್ಕೇ ಬಾರೋ, ಇದಕ್ಕೆ ಒಂದೇ ಕಣ್ಣು ಸಾಕು" ಅಂದಿದ್ದನಂತೆ. ದೂರಕ್ಕೆ ನೋಡುವಾಗ 35 ಇತ್ತು ಅವನದ್ದು. ಪೂರ್ತಿ ಅರಿವಳಿಕೆ ಕೊಟ್ಟು ಮಾಡಿದ್ರು. ಮೊದಲ ಕೆಲವು ವಾರ ಕಣ್ಣು ಸ್ವಲ್ಪ ಒಳಗೆ, ಅಕ್ಕ ಗಾಬರಿಯಾಗಿ ದಿನಾ ಫೋನು, "ಹೊರಗಿದ್ದದ್ದು ಒಳಗೆ ಹೋಗಿದೆ ಕಣೇ, ಹಾಳು ಮಾಡಿಬಿಟ್ರು." ನನಗೂ ಹಾಗೇ ಆಗಿದ್ದು ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಆಮೇಲೆ ನೆಟ್ಟಗಾಯ್ತು, ಚೆನ್ನಾಗಿ ನೆಟ್ಟಗಾಯ್ತು. ಎರಡು ವರ್ಷ ಆದ್ಮೇಲೆ ಈಗ ಸಾಯಂಕಾಲ ಪ್ರಾಕ್ಟೀಸ್ ಮುಗಿಸಿ ಸುಸ್ತಾಗಿ ಬಂದಾಗ ಒಂಚೂರು ಆಚೆ ಹೋಗುತ್ತೆ. ಅಳೆದ್ರೆ 12.

ಪುಸ್ತಕದ ಲೆಕ್ಕದಲ್ಲಿ 10 ದಾಟಿತು, ಫೇಲು. ಅವನ ಲೆಕ್ಕದಲ್ಲಿ ಬಾಲ್ ಕಾಣುತ್ತೆ, ಬಿಸಿಲಲ್ಲಿ ಕಣ್ಣು ಮುಚ್ಚೋದು ನಿಂತಿದೆ, ಟೀಮಲ್ಲಿ ಇದಾನೆ, ಪಾಸು. ಅಕ್ಕನ ಲೆಕ್ಕ ಇನ್ನೊಂದು ಥರ. ಅವಳು ಮದುವೆ, ನಾಮಕರಣ ಎಲ್ಲಿ ಫೋಟೋ ತೆಗೆದ್ರೂ ಮನೆಗೆ ಬಂದು ಝೂಮ್ ಮಾಡಿ ಫ್ಲ್ಯಾಶಿನ ಬಿಳಿ ಚುಕ್ಕಿ ಎರಡೂ ಕಣ್ಣಲ್ಲಿ ಒಂದೇ ಜಾಗದಲ್ಲಿ ಇದೆಯಾ ಅಂತ ನೋಡ್ತಾಳೆ. ಒಂದಿನ ಅವನು ನನ್ನ ಹತ್ರ ಬಂದು, "ಚಿಕ್ಕಮ್ಮ, ಅಮ್ಮ ಮುಂಚೆ ನನ್ನ ಕಣ್ಣು ನೋಡ್ತಿರ್ಲಿಲ್ಲ, ಈಗ ಬರೀ ಅದನ್ನೇ ನೋಡ್ತಾಳೆ" ಅಂದ. ನಾನು ಏನೂ ಹೇಳೋಕೆ ಹೋಗ್ಲಿಲ್ಲ, ಅಕ್ಕನಿಗೆ ಹೇಳ್ಬೇಕಾದ್ದನ್ನ ಅಕ್ಕನಿಗೆ ಹೇಳಿದೆ, ಎರಡು ದಿನ ಮಾತು ಬಿಟ್ಟಿದ್ಲು.

ಹೀಗೆ ಮತ್ತೆ ಜಾರೋದು ಅವನೊಬ್ಬನದ್ದಲ್ಲ. 2019ರಲ್ಲಿ ಅಮೆರಿಕದ ಮಕ್ಕಳ ಕಣ್ಣಿನ ಸಂಶೋಧಕರ ತಂಡ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಹಾಕ್ತು. ಅದು 3ರಿಂದ 10 ವರ್ಷದ ಮಕ್ಕಳದ್ದು, ಹದಿಹರೆಯದವರದ್ದಲ್ಲ, ಆದ್ರೂ ಈ ಚಾಳಿ ಅರ್ಥ ಆಗೋಕೆ ಸಾಕು. ಎರಡೂ ಕಣ್ಣಿನ ಹೊರಖಂಡ ಸಡಿಲಿಸೋದು ಮೇಲಾ, ಒಂದೇ ಕಣ್ಣಲ್ಲಿ ಎರಡು ಖಂಡ ಮಾಡೋದು ಮೇಲಾ ಅಂತ ಹೋಲಿಸಿದ್ರು. ಮೂರು ವರ್ಷದೊಳಗೆ ಫಲಿತಾಂಶ ಅಂದ್ಕೊಂಡಷ್ಟು ಚೆನ್ನಾಗಿಲ್ಲ ಅಂತ ಅನ್ಸಿದ್ದು ಮೊದಲನೇದರಲ್ಲಿ ಶೇ. 46, ಎರಡನೇದರಲ್ಲಿ ಶೇ. 37. ಎರಡರ ನಡುವಿನ ವ್ಯತ್ಯಾಸ ದೊಡ್ಡದೇನಲ್ಲ ಅಂತ ಅವರೇ ಹೇಳಿದ್ರು. ಇದನ್ನ ಓದಿದಾಗ ನನಗೆ ಒಂದು ಥರ ಸಮಾಧಾನ ಆಯ್ತು, ಇದು ಯಾವುದೋ ಡಾಕ್ಟರ ಕೈ ತಪ್ಪಲ್ಲ, ಈ ಕಾಯಿಲೆಯ ಗುಣಾನೇ ಹೀಗೆ. ಎರಡನೇ ಆಪರೇಷನ್ ಬೇಕಾಗಬಹುದು ಅನ್ನೋದನ್ನ ಮೊದಲನೇದಕ್ಕೆ ಮುಂಚೆನೇ ಮನೆಯವರಿಗೆಲ್ಲ ಕೂರಿಸಿ ಹೇಳಿದ್ರೆ ಅರ್ಧ ಜಗಳ ಇರಲ್ಲ.

ಮಾವನದ್ದು ಪೂರ್ತಿ ಬೇರೆ ಕೇಸು. ವಯಸ್ಸಲ್ಲಿ ತೋಟದಲ್ಲಿ ಕಾಫಿ ಚಿಗುರು ತೆಗೀವಾಗ ರೆಂಬೆ ಚುಚ್ಚಿ ಬಲಗಣ್ಣು ಹುಣ್ಣಾಗಿ ದೃಷ್ಟಿ ಹೋಗಿತ್ತು, ನಮ್ಮ ಕಡೆ ತೋಟದ ಕೆಲಸದಲ್ಲಿ ಇದು ಹೊಸದೇನಲ್ಲ, ಗಾಯ ಆದ ದಿನವೇ ಹೋಗದೇ ಎದೆಹಾಲು, ಸೊಪ್ಪಿನ ರಸ ಅಂತ ಹಾಕ್ಕೊಂಡು ಕೂತವರೇ ಜಾಸ್ತಿ. ನೋಟ ಇಲ್ಲದ ಕಣ್ಣಿಗೆ ನೆಟ್ಟಗೆ ನಿಲ್ಲೋಕೆ ಕಾರಣ ಇರಲ್ಲ, ದೊಡ್ಡವರಲ್ಲಿ ಅದು ಸಾಮಾನ್ಯವಾಗಿ ಆಚೆಗೇ ಹೋಗುತ್ತೆ. ಮಗಳ ಮದುವೆ ಗೊತ್ತಾದಾಗ ಮಾವ ಯಾರಿಗೂ ಹೇಳದೇ ಹೋಗಿ ಮಾಡಿಸ್ಕೊಂಡು ಬಂದ್ರು. ಇಂಥದ್ದರಲ್ಲಿ ಆಪರೇಷನ್ ನೋಟ ಇಲ್ಲದ ಕಣ್ಣಿಗೇ ಮಾಡೋದು, ಇರೋ ಒಂದು ಒಳ್ಳೇ ಕಣ್ಣಿನ ತಂಟೆಗೆ ಹೋಗಲ್ಲ, ಎರಡೆರಡು ಕಾಣೋ ಗೋಜೂ ಇಲ್ಲ. ಆದ್ರೆ ಹಿಡಿದಿಡೋ ನೋಟಾನೇ ಇಲ್ಲದ್ದರಿಂದ ಮತ್ತೆ ಜಾರೋದು ಜಾಸ್ತಿ. ಅವರದ್ದು ನಾಲ್ಕೈದು ವರ್ಷಕ್ಕೆ ಸುಮಾರಾಗಿ ವಾಪಸ್ ಹೋಯ್ತು. ಇನ್ನೊಂದ್ಸಲ ಮಾಡಿಸ್ತೀರಾ ಮಾವ ಅಂದ್ರೆ, "ಮದುವೆ ಆಲ್ಬಮ್ಮಲ್ಲಿ ನೆಟ್ಟಗಿದೆ ಕಣಮ್ಮ, ಬೀಗರು ನೋಡಿಯಾಯ್ತು, ಇನ್ಯಾರಿಗೆ ತೋರಿಸ್ಬೇಕು?" ಅಂತಾರೆ. ಮೂರು ಜನರಲ್ಲಿ ಅಳತೆ ಪ್ರಕಾರ ಎಲ್ಲರಿಗಿಂತ ಜಾಸ್ತಿ ಸೋತಿದ್ದು ಅವರು, ನೂರಕ್ಕೆ ನೂರು ಖುಷಿಯಾಗಿರೋದೂ ಅವರೇ.

ಈ ಗೊಂದಲ ಡಾಕ್ಟರುಗಳಿಗೂ ಗೊತ್ತಿದೆ. 2009ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಎಎಸ್-20 ಅಂತ ದೊಡ್ಡವರ ಸ್ಕ್ವಿಂಟಿಗೇ ಒಂದು ಪ್ರಶ್ನಾವಳಿ ಮಾಡಿದ್ರು, 20 ಪ್ರಶ್ನೆ. ಅದರಲ್ಲಿ ಅರ್ಧ ಕಣ್ಣಿನ ಕೆಲಸದ ಬಗ್ಗೆ, ಓದೋಕೆ ಕಷ್ಟಾನಾ, ಆಳ ಗೊತ್ತಾಗುತ್ತಾ ಅಂತ. ಇನ್ನರ್ಧ ಮನಸ್ಸಿನ ಬಗ್ಗೆ, ಜನ ನನ್ನ ಕಣ್ಣಿನ ಬಗ್ಗೆ ಏನಂದ್ಕೊಳ್ತಾರೋ ಅನ್ನೋ ಚಿಂತೆ ಇದೆಯಾ ಅನ್ನೋ ಥರದ್ದು. ನಾನು ಆ ಪ್ರಶ್ನೆಗಳನ್ನ ಓದುವಾಗ ಚಲನ್ ನೋಡ್ಕೊಂಡು ಮಾತಾಡೋ ನನ್ನ ಅಭ್ಯಾಸ ಯಾರಿಗೋ ಮೊದಲೇ ಗೊತ್ತಿತ್ತಲ್ಲ ಅನ್ನಿಸ್ತು. ಸ್ವಿಟ್ಜರ್ಲೆಂಡಲ್ಲಿ ಒಂದು ಅಧ್ಯಯನ ಮಾಡಿ, ಆರು ವರ್ಷ ದಾಟಿದ ಮಕ್ಕಳು ಮೆಳ್ಳೆಗಣ್ಣಿನ ಮಗುವನ್ನ ಬರ್ತ್‌ಡೇ ಪಾರ್ಟಿಗೆ ಕರೆಯೋದು ಕಮ್ಮಿ ಅಂತ ತೋರ್ಸಿದ್ರು, ಕೆಲಸ ಕೊಡಿಸೋ ಏಜೆಂಟರನ್ನ ಕೇಳಿದಾಗ್ಲೂ ಇವರಿಗೆ ಕೆಲಸ ಸಿಗೋದು ಕಷ್ಟ ಅಂದವರೇ ಜಾಸ್ತಿ. ಇಷ್ಟೆಲ್ಲ ಇದ್ದೂ ನನ್ನ ಇನ್ಶೂರೆನ್ಸ್ ಕಂಪನಿ ಇದು ಕಾಸ್ಮೆಟಿಕ್ ಅಂತ ಕ್ಲೇಮ್ ವಾಪಸ್ ಕಳಿಸ್ತು. ಅಮೆರಿಕದ ನೇತ್ರತಜ್ಞರ ಅಕಾಡೆಮಿ ಇದು ಚೆಂದಕ್ಕೆ ಮಾಡೋದಲ್ಲ, ಹಾಳಾದ್ದನ್ನ ಮೊದಲಿನ ಸ್ಥಿತಿಗೆ ತರೋದು ಅಂತಾನೇ ಹೇಳುತ್ತೆ, ಡಾಕ್ಟರ ಹತ್ರ ಅದೇ ಅರ್ಥದ ಪತ್ರ ಬರೆಸಿ ಕಳಿಸಿದ್ರೂ ಕಂಪನಿ ಜಪ್ಪಯ್ಯ ಅನ್ಲಿಲ್ಲ. ಪಾಲಿಸಿ ತಗೊಳ್ಳೋವಾಗ್ಲೇ ಸ್ಕ್ವಿಂಟ್ ಬಗ್ಗೆ ಬರವಣಿಗೇಲಿ ಕೇಳ್ಕೊಳ್ಳಿ.

ಇನ್ನೊಂದೆರಡು ಬೇಗ ಹೇಳಿಬಿಡ್ತೀನಿ. ತ್ರಾಟಕ, ಕಣ್ಣಿನ ವ್ಯಾಯಾಮ ಅಂತ ಎಲ್ಲರೂ ಹೇಳ್ತಾರೆ, ಹತ್ತಿರ ನೋಡುವಾಗ ಮಾತ್ರ ಕಣ್ಣು ಕೂಡಿಸೋಕೆ ಕಷ್ಟ ಆಗೋರಿಗೆ ಕ್ಲಿನಿಕ್ಕಲ್ಲಿ ಕಲಿಸೋ ವ್ಯಾಯಾಮದಿಂದ ಒಳ್ಳೇದಾಗೋದು ನಿಜ, ನನ್ನ ಥರ 40 ಡಯಾಪ್ಟರ್ ಯಾವಾಗಲೂ ಆಚೆ ಇರೋ ಕಣ್ಣು ಅದರಿಂದ ನೆಟ್ಟಗಾಗಲ್ಲ. ಮತ್ತೆ ಇದು ಮುಖ್ಯ: ದೊಡ್ಡವರಲ್ಲಿ ಇದ್ದಕ್ಕಿದ್ದ ಹಾಗೆ ಕಣ್ಣು ಆಚೆ ತಿರುಗಿ, ಎರಡೆರಡು ಕಾಣೋಕೆ ಶುರುವಾಗಿ, ರೆಪ್ಪೆ ಜೋತುಬಿದ್ರೆ, ತಲೆನೋವಿದ್ರೆ ಅದು ನಾನು ಹೇಳ್ತಿರೋ ಕಾಯಿಲೆ ಅಲ್ಲ, ನರದ ತೊಂದರೆ, ಅವತ್ತೇ ಆಸ್ಪತ್ರೆಗೆ ಓಡಬೇಕು. ಆಪರೇಷನ್ನಲ್ಲಿ ಸೋಂಕು, ಖಂಡ ಜಾರಿ ಹಿಂದಕ್ಕೆ ಹೋಗೋದು, ಸೂಜಿ ಆಳಕ್ಕೆ ಹೋಗೋದು ಇವೆಲ್ಲ ಅಪರೂಪಕ್ಕೆ ಆಗುತ್ತೆ, ಸಹಿ ಮಾಡೋ ಫಾರಮ್ಮಲ್ಲಿ ಇರುತ್ತೆ, ಓದಿ ಸಹಿ ಮಾಡಿ.

ಹೋದ ವಾರ ನಮ್ಮ ಕಾಲೇಜಿನ ಸಹೋದ್ಯೋಗಿ ಒಬ್ಬರು ಸ್ಟಾಫ್ ರೂಮಲ್ಲಿ ಪಕ್ಕಕ್ಕೆ ಕರೆದು, "ನನ್ನ ತಂಗಿ ಮಗಳಿಗೆ ಇಪ್ಪತ್ತೆರಡು ಮೇಡಂ, ಹೊರಗಣ್ಣು, ಏಪ್ರಿಲಲ್ಲಿ ಗಂಡಿನ ಕಡೆಯವರು ಬರ್ತಾರೆ, ಮಾರ್ಚಲ್ಲಿ ಮಾಡಿಸಿಬಿಟ್ರೆ ಆಗುತ್ತಲ್ಲ?" ಅಂದ್ರು. ಆಗಲ್ಲ ಅಂದೆ. ಮಾರ್ಚಲ್ಲಿ ಮಾಡಿಸಿದ್ರೆ ಏಪ್ರಿಲಲ್ಲಿ ಕಣ್ಣು ಕೆಂಪಗೆ, ಸ್ವಲ್ಪ ಒಳಗೆ, ಬಂದವರು ಇಬ್ಬಿಬ್ಬರಾಗಿ ಕಾಣ್ತಾರೆ, ಅವಳು ಯಾರನ್ನ ಒಪ್ಪೋದು. ನಗ್ಲಿಲ್ಲ ಅವರು. ಗ್ಯಾರಂಟಿ ಎಷ್ಟು ಅಂತ ಅವರಪ್ಪ ಕೇಳ್ತಿದಾರಂತೆ. ಅವಳು ಏನ್ ಕೇಳ್ತಿದಾಳೆ ಅಂದೆ. ಅದು ಅವರಿಗೆ ಗೊತ್ತಿರ್ಲಿಲ್ಲ, ನಂಬರ್ ಕೊಟ್ರು. ಫೋನ್ ಮಾಡಿದ್ರೆ ಆ ಹುಡುಗಿಗೆ ಗಂಡಿನ ಕಡೆಯವರ ಚಿಂತೇನೇ ಇಲ್ಲ, ಟ್ಯಾಲಿ ಕಲಿತು ಲೆಕ್ಕದ ಕೆಲಸ ಮಾಡ್ತಾಳೆ, ಸಾಯಂಕಾಲ ಆದ್ರೆ ಸ್ಕ್ರೀನ್ ಮೇಲಿನ ಸಾಲುಗಳು ಒಂದರ ಮೇಲೊಂದು ಹತ್ತುತ್ತೆ, ಅದು ಹೋಗುತ್ತಾ ಅಂತ ಮೊದಲನೇ ಪ್ರಶ್ನೆ. ಮುಂದಿನ ತಿಂಗಳು ಮೈಸೂರಲ್ಲಿ ಅವಳಿಗೆ ಪ್ರಿಸಂ ಟೆಸ್ಟ್ ಇದೆ. ಜೊತೆಗೆ ನಾನು ಹೋಗ್ತೀನಿ, ಅಪ್ಪ ಬರೋದು ಬೇಡ ಅಂತ ಅವಳೇ ಹೇಳಿದಾಳೆ.